ಜೇನಿನ ಭರಣಿಯ ಪಕ್ಕದಲ್ಲಿ

ಕಳೆದ ಬೇಸಗೆಯ ರಜೆಯಲ್ಲಿ ಸುಳ್ಯ ಸೀಮೆಯಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ನಾಲ್ಕು ದಿನ ತಂಗಿದ್ದೆ. ಕೆಳಗೆ ಅಡಕೆಯ ತೋಟ, ಅದರ ಮೇಲಿನ ಗುಡ್ಡದಲ್ಲಿ ರಬ್ಬರು, ಮನೆಯ ಸುತ್ತ ಜೇನುಪೆಟ್ಟಿಗೆಗಳು. ಆ ಕಡೆಯ ಮನೆಗಳನ್ನು ಕಂಡವರಿಗೆ ಇದಕ್ಕಿಂತ ಹೆಚ್ಚಿನ ವರ್ಣನೆ ಬೇಕಾಗದು. ಎರಡನೆಯ ದಿನ ಮಧ್ಯಾಹ್ನ ಪೇಟೆಯಿಂದ ನಾಲ್ವರು ನೆಂಟರು ಬಂದರು. ಬಾಯಾರಿಕೆಗೆ ಪುನರ್ಪುಳಿಯ ಶರಬತ್ತು ಆಗಬೇಕು. ಅಡಿಗೆಮನೆಯ ಸಕ್ಕರೆ ಮುಗಿದಿತ್ತು. ಮದುವೆಯಾಗಿ ಬಂದು ಎರಡು ತಿಂಗಳೂ ತುಂಬದ ಮಾವನ ಸೊಸೆ ಉಗ್ರಾಣಕ್ಕೆ ಹೋಗಿ, ಜೇನಿನ ಸೀಸೆಗಳ ಸಾಲಿನ ಕೊನೆಯಲ್ಲಿದ್ದ ಗಾಜಿನ ಭರಣಿಯೊಂದನ್ನು ತಂದಳು. ಅದರೊಳಗಿನ ಬಿಳಿಯ ಹರಳನ್ನು ಚಮಚದಲ್ಲಿ ತೋಡಿ ಪಾತ್ರೆಯ ಮೇಲಕ್ಕೆ ಒಯ್ದದ್ದೂ ಆಯಿತು. ಒಲೆಯ ಬಳಿ ಕುಳಿತಿದ್ದ ಅತ್ತೆ ತಲೆಯೆತ್ತಿ ನೋಡಿದರು.

"ನಿಲ್ಲು ಮಗಳೇ, ಆ ಭರಣಿ ಎಲ್ಲಿತ್ತು?"

"ಉಗ್ರಾಣದಲ್ಲಿ, ಜೇನಿನ ಹತ್ತಿರ."

"ತಟ್ಟೆಯ ನೀರಿನಲ್ಲಿ ಇಟ್ಟಿತ್ತೋ?"

"ಇಲ್ಲ ಅತ್ತೆ."

"ಇರುವೆ ಇತ್ತೋ?"

"ಒಂದೂ ಇರಲಿಲ್ಲ."

ಆ ಮನೆಯಲ್ಲಿ ಸಕ್ಕರೆಯ ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಡದೆ ಒಂದು ರಾತ್ರಿ ಮರೆತರೆ, ಬೆಳಗಾಗುವಾಗ ಸಕ್ಕರೆಯ ಬಣ್ಣವೇ ಬದಲಾಗಿರುತ್ತದೆ. ಇರುವೆ ಮುತ್ತದ ಸಕ್ಕರೆ ಸಕ್ಕರೆಯೇ ಅಲ್ಲವೆಂಬುದು ಅತ್ತೆಯ ತರ್ಕ. ಅಷ್ಟರಲ್ಲಿ ಅಂಗಳದಿಂದ ಒಳಗೆ ಬಂದ ಮಾವ ಆ ಭರಣಿಯನ್ನು ಕಂಡು ಬಿಳುಚಿಹೋದರು. ಅದರಲ್ಲಿದ್ದದ್ದು ಆಕ್ಸಾಲಿಕ್ ಆಮ್ಲ. ಜೇನುಪೆಟ್ಟಿಗೆಯ ನುಸಿಗೆ ಮದ್ದೆಂದು ಯಾರೋ ಹೇಳಿದ್ದನ್ನು ಕೇಳಿ, ಪೇಟೆಯ ಬಣ್ಣದ ಅಂಗಡಿಯಿಂದ ಅರ್ಧ ಕಿಲೋ ತಂದು, ಕಾಗದದ ಪೊಟ್ಟಣ ಒದ್ದೆಯಾದೀತೆಂದು ಖಾಲಿ ಭರಣಿಗೆ ಸುರಿದು ಇಟ್ಟಿದ್ದರು. ಭರಣಿಯ ಮೇಲೆ ಒಂದು ಅಕ್ಷರವೂ ಇರಲಿಲ್ಲ. "ನನಗೆ ಗೊತ್ತಿತ್ತಲ್ಲ" ಎಂಬುದೊಂದೇ ಮಾವ ಕೊಟ್ಟ ಸಮಾಧಾನ.

ನೆಂಟರಿಗೆ ಆ ದಿನ ಬೆಲ್ಲದ ಪಾನಕವಾಯಿತು. ಅವರಿಗೆ ಈ ಸಂಗತಿ ಇಂದಿಗೂ ತಿಳಿಯದು. ನಾನು ಮಾತ್ರ ಉಳಿದೆರಡು ದಿನಗಳನ್ನು ಆ ಉಗ್ರಾಣದಲ್ಲಿಯೇ ಕಳೆದೆ. ಜೇನು ಸಾಕುವವನ ಮನೆಯಲ್ಲಿ ಏನೇನಿರುತ್ತದೆ, ಅದು ಎಲ್ಲಿರುತ್ತದೆ, ಎಲ್ಲಿರಬೇಕು ಎಂಬುದನ್ನು ಅಂದಿನಿಂದ ಓದಿಯೂ ಕೇಳಿಯೂ ತಿಳಿದುಕೊಂಡೆ. ಕನ್ನಡ ಪಾಠ ಹೇಳುವವನಿಗೆ ರಸಾಯನಶಾಸ್ತ್ರದ ಗೊಡವೆ ಏಕೆಂದು ಓದುಗರು ನಗಬಹುದು. ಆದರೆ ಆ ಭರಣಿಯ ಕೊರತೆ ರಸಾಯನಶಾಸ್ತ್ರದ್ದಾಗಿರಲಿಲ್ಲ, ಒಂದು ಹೆಸರಿನದಾಗಿತ್ತು.

ಜೇನೆಂದರೆ ಶುದ್ಧ, ಜೇನೆಂದರೆ ಔಷಧ, ಪಂಚಾಮೃತಗಳಲ್ಲಿ ಒಂದು. ಇಂಥ ಪದಾರ್ಥವನ್ನು ತೆಗೆಯುವ ಮನೆಯಲ್ಲಿ ವಿಷಕ್ಕೆ ಏನು ಕೆಲಸ? ಹಿಂದೆ ಕೆಲಸವಿರಲಿಲ್ಲ. ನಮ್ಮ ನಾಡಿನ ತುಡುವೆ ಜೇನಿಗೆ ನುಸಿ ಹೊಸ ನೆಂಟನಲ್ಲ. 1904ರಲ್ಲಿ ಜಾವಾದ್ವೀಪದ ತುಡುವೆಯ ಗೂಡಿನಿಂದ ದೊರೆತ ಒಂದು ಪರೋಪಜೀವಿಗೆ ಔಡೆಮಾನ್ಸ್ ಎಂಬ ಡಚ್ ವಿಜ್ಞಾನಿ 'ವರೋವಾ' ಎಂದು ಹೆಸರಿಟ್ಟನು. ಜೇನಿನ ವಿಷಯವಾಗಿಯೂ ಬರೆದ ರೋಮನ್ ಪಂಡಿತ ವರೋನ ನೆನಪಿಗಾಗಿ ಇಟ್ಟ ಹೆಸರು ಅದು. ಸಾಸಿವೆಯ ಗಾತ್ರದ, ಕೆಂಗಂದು ಬಣ್ಣದ, ಚಪ್ಪಟೆಯಾದ ನುಸಿ. ತುಡುವೆಯ ಕುಟುಂಬದಲ್ಲಿ ಅದು ಬಹುಮಟ್ಟಿಗೆ ಗಂಡುನೊಣದ ಕಣಗಳಲ್ಲಿ ಮಾತ್ರ ಮರಿಮಾಡುತ್ತದೆ. ಕೆಲಸಗಾರ ನೊಣಗಳು ಒಂದರ ಮೈಯನ್ನು ಇನ್ನೊಂದು ಕೆದಕಿ ಅದನ್ನು ಕಿತ್ತೆಸೆಯುತ್ತವೆ. ಸಾವಿರಾರು ವರ್ಷಗಳ ಜಗಳದಲ್ಲಿ ಎರಡು ಪಕ್ಷಗಳೂ ಒಂದು ರಾಜಿಗೆ ಬಂದಿವೆ.

ಐರೋಪ್ಯ ಜೇನಿಗೆ ಈ ರಾಜಿ ಒದಗಿ ಬರಲಿಲ್ಲ. 'ಮೆಲ್ಲಿಫೆರಾ' ಎಂದು ನಮ್ಮ ಕೃಷಿಕರು ಕರೆಯುವ ಆ ಜೇನು 1962ರಲ್ಲಿ ನಗ್ರೋಟಾ ಬಗ್‌ವಾನಿನಲ್ಲಿ ನಮ್ಮ ದೇಶದ ನೆಲಕ್ಕೆ ಹೊಂದಿಕೊಂಡಿತು. ಆಗ ಪಂಜಾಬಿನಲ್ಲಿದ್ದ ಆ ಊರು ಈಗ ಹಿಮಾಚಲ ಪ್ರದೇಶದಲ್ಲಿದೆ. ತುಡುವೆಯಿಂದ ಮೆಲ್ಲಿಫೆರಾಕ್ಕೆ ದಾಟಿದ ನುಸಿ ಬೇರೆಯೇ ಒಂದು ಜಾತಿಯದೆಂದು 2000ದಲ್ಲಿ ತಿಳಿಯಿತು. ಅದಕ್ಕೆ 'ವಿನಾಶಕ' ಎಂಬರ್ಥದ ಹೆಸರೇ ಬಂದಿತು. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣದ ತುಡುವೆ ಕುಟುಂಬಗಳನ್ನು ಗುಡಿಸಿ ಹಾಕಿದಾಗ, ಪೆಟ್ಟಿಗೆಗಳು ಬರಿದಾದ ಅನೇಕರು ಮೆಲ್ಲಿಫೆರಾದ ಕಡೆಗೆ ಕಣ್ಣು ಹಾಯಿಸಿದರು. ಅದು ಹೆಚ್ಚು ಜೇನು ಕೊಡುತ್ತದೆ; ಜೊತೆಗೆ ಹೆಚ್ಚು ಮದ್ದನ್ನೂ ಬೇಡುತ್ತದೆ. ಮಾವನೂ ತಮ್ಮ ತುಡುವೆ ಪೆಟ್ಟಿಗೆಗಳ ಜೊತೆಗೆ ಹತ್ತು ಮೆಲ್ಲಿಫೆರಾ ಪೆಟ್ಟಿಗೆಗಳನ್ನು ತಂದು ರಬ್ಬರು ತೋಟದಲ್ಲಿಟ್ಟಿದ್ದರು. ರಬ್ಬರಿನ ಎಳೆಯ ಎಲೆಗಳ ತೊಟ್ಟಿನ ಬಳಿ ಒಸರುವ ಸಿಹಿ ಆ ನೊಣಗಳಿಗೆ ಹಬ್ಬದೂಟ. ಹೀಗೆ ಆಮ್ಲಗಳು ಉಗ್ರಾಣವನ್ನು ಹೊಕ್ಕವು. ತುಡುವೆಯನ್ನಷ್ಟೇ ಸಾಕುವವನು ಈ ಲೇಖನದ ಬಹುಭಾಗವನ್ನು ಓದದೆ ಬಿಟ್ಟರೂ ನಷ್ಟವಿಲ್ಲ. ಅವನ ಮನೆಯಲ್ಲಿ ಇವು ಇರಲೇಬೇಕಾದ ಕಾರಣವಿಲ್ಲ. ಸ್ಯಾಕ್‌ಬ್ರೂಡಿಗಂತೂ ಯಾವ ಆಮ್ಲವೂ ಮದ್ದಲ್ಲ.

ಮೊದಲು ಫಾರ್ಮಿಕ್ ಆಮ್ಲ. ಇದು ಹುಟ್ಟಾ ಇರುವೆಯ ಸೊತ್ತು. 1671ರಲ್ಲಿ ಜಾನ್ ರೇ ಎಂಬ ಇಂಗ್ಲಿಷ್ ವಿದ್ವಾಂಸನು ಇರುವೆಗಳನ್ನು ಬಟ್ಟಿಯಿಳಿಸಿದಾಗ ದೊರೆಯುವ ಹುಳಿಯ ವಿಚಾರವಾಗಿ ಬರೆದನು. ಲ್ಯಾಟಿನ್ ಭಾಷೆಯಲ್ಲಿ ಇರುವೆಗೆ 'ಫಾರ್ಮಿಕ' ಎಂದು ಹೆಸರು. ಮಲೆನಾಡಿನಲ್ಲಿ ಚಗಳಿ ಇರುವೆಯ ಚಟ್ನಿಯನ್ನು ಸವಿದವರು ಈ ಆಮ್ಲದ ರುಚಿಯನ್ನು ಬಲ್ಲವರೇ. ಆದರೆ ಚಟ್ನಿಯ ಹುಳಿಗೂ ಕ್ಯಾನಿನಲ್ಲಿ ಬರುವ 85 ಶೇಕಡದ ದ್ರವಕ್ಕೂ ಇರುವ ಅಂತರ ಹಣತೆಗೂ ಕಾಡ್ಗಿಚ್ಚಿಗೂ ಇರುವಷ್ಟು. ಚರ್ಮಕ್ಕೆ ತಗಲಿದರೆ ಬೊಕ್ಕೆ ಏಳುತ್ತದೆ. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಅದರ ಆವಿ ಮೂಗಿನಿಂದ ಶ್ವಾಸಕೋಶದವರೆಗೂ ಉರಿಸುತ್ತದೆ. ಆವಿಯಾಗುವ ಈ ಗುಣವೇ ಜೇನು ಸಾಕುವವನಿಗೆ ಬೇಕಾದದ್ದು. ಚಿಕ್ಕ ಸೀಸೆಯಲ್ಲಿ ಐದು ಮಿಲಿಲೀಟರಿನಷ್ಟು ಆಮ್ಲ ಹಾಕಿ, ಹತ್ತಿಯ ಬತ್ತಿಯಿಟ್ಟು ಪೆಟ್ಟಿಗೆಯ ಅಡಿಹಲಗೆಯ ಮೇಲಿರಿಸಿದರೆ, ಮುಚ್ಚಿದ ಕಣಗಳ ಮೇಣದ ಮುಚ್ಚಳವನ್ನೂ ತೂರಿ ಅದರ ಆವಿ ಒಳಗಿನ ನುಸಿಯನ್ನು ಕೊಲ್ಲುತ್ತದೆ. ಮೇಣವನ್ನು ದಾಟಬಲ್ಲ ಆವಿ ಸಡಿಲವಾದ ಬಿರಡೆಯನ್ನು ದಾಟದೆ ಬಿಟ್ಟೀತೇ?

ನಮ್ಮ ಕರಾವಳಿಯಲ್ಲಿ ಈ ಆಮ್ಲ ಸುಲಭವಾಗಿ ಕೈಗೆ ಸಿಗುವುದಕ್ಕೆ ಇನ್ನೊಂದು ಕಾರಣವಿದೆ. ರಬ್ಬರು ಹಾಲನ್ನು ಹೆಪ್ಪುಗಟ್ಟಿಸಿ ಶೀಟು ಮಾಡುವುದು ಇದರಿಂದಲೇ. 'ರಬ್ಬರಿನ ಆಸಿಡ್' ಎಂದರೆ ಸುಳ್ಯ, ಪುತ್ತೂರು, ಕಾಸರಗೋಡಿನ ಕಡೆ ಯಾವ ಅಂಗಡಿಯವನಿಗೂ ಅರ್ಥವಾಗುತ್ತದೆ. 35 ಕಿಲೋಗಳ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುವ ಈ ಆಮ್ಲವನ್ನು ಚಿಕ್ಕ ಹಿಡುವಳಿದಾರರು ಒಂದು ಲೀಟರು, ಅರ್ಧ ಲೀಟರು ಎಂದು ಬಿಡಿಯಾಗಿ ಕೊಳ್ಳುವುದೂ ಉಂಟು. ಬಿಡಿಯಾಗಿ ಕೊಳ್ಳುವವನು ಮನೆಯಿಂದ ಸೀಸೆ ಒಯ್ಯಬೇಕು. ಜೇನು ಸಾಕುವವನ ಮನೆಯಲ್ಲಿ ಬೇರೆ ಯಾವ ಸೀಸೆ ಇರುತ್ತದೆ? ಮಾವನ ಉಗ್ರಾಣದಲ್ಲಿ ನಾನು ಕಂಡ ಫಾರ್ಮಿಕ್ ಆಮ್ಲ ಒಂದು ಜೇನಿನ ಸೀಸೆಯಲ್ಲಿತ್ತು; ಅದರ ಮೇಲೆ 'ಶುದ್ಧ ಜೇನುತುಪ್ಪ' ಎಂಬ ಚೀಟಿ ಇನ್ನೂ ಅಂಟಿಕೊಂಡಿತ್ತು. ಆ ಚೀಟಿಯನ್ನು ಓದಿದ ಮೇಲೆ ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಬಿಗಿಯಾಗಿ ಮುಚ್ಚಿದರೆ ಸಾಕಲ್ಲವೇ ಎಂದು ನಾನೂ ಕೇಳಿದೆ. ಸಾಲದು. ಪ್ರಬಲವಾದ ಫಾರ್ಮಿಕ್ ಆಮ್ಲ ಸುಮ್ಮನೆ ಇಟ್ಟರೂ ಬಹು ನಿಧಾನವಾಗಿ ನೀರು ಮತ್ತು ಕಾರ್ಬನ್ ಮಾನಾಕ್ಸೈಡ್ ಅನಿಲವಾಗಿ ಒಡೆಯುತ್ತದೆ. ಸೆಕೆ ಹೆಚ್ಚಿದಷ್ಟೂ ಒಡೆಯುವ ವೇಗ ಹೆಚ್ಚು. ಗಾಜಿನ ಸೀಸೆಗೆ ಬಿರಡೆ ಜಡಿದು ತಿಂಗಳುಗಟ್ಟಲೆ ಬಿಸಿಲ ಕಡೆಯ ಗೋಡೆಗೆ ಒರಗಿಸಿಟ್ಟರೆ ಒಳಗಿನ ಒತ್ತಡ ಏರುತ್ತ ಹೋಗುತ್ತದೆ. ಸೀಸೆ ಸಿಡಿದ ಪ್ರಸಂಗಗಳೂ ಇವೆ. ಆದುದರಿಂದಲೇ ತಯಾರಕರು ಇದನ್ನು ದಪ್ಪ ಪ್ಲಾಸ್ಟಿಕ್ಕಿನ ಕ್ಯಾನುಗಳಲ್ಲಿ, ಅನಿಲವನ್ನು ಹೊರಗೆ ಬಿಡುವ ಮುಚ್ಚಳ ಹಾಕಿ ಕಳುಹಿಸುವುದು. ಆ ಕ್ಯಾನಿನಲ್ಲಿಯೇ ಅದು ಇರಬೇಕು, ನೆಟ್ಟಗೆ ನಿಂತಿರಬೇಕು, ತಂಪಾದ ಮತ್ತು ಗಾಳಿಯಾಡುವ ಎಡೆಯಲ್ಲಿರಬೇಕು. ಕರಾವಳಿಯ ಏಪ್ರಿಲ್ ತಿಂಗಳಿನಲ್ಲಿ ತಗಡಿನ ಮಾಡಿನ ಕೆಳಗೆ ತಂಪೆಂಬುದಿಲ್ಲ. ಹಾಗಾಗಿ ಅಟ್ಟ, ತಗಡಿನ ಶೆಡ್ಡು, ಕಾರಿನ ಡಿಕ್ಕಿ ಇವು ಮೂರೂ ನಿಷಿದ್ಧ. ಮಲಗುವ ಕೋಣೆಯನ್ನಂತೂ ಹೇಳಬೇಕಾದದ್ದಿಲ್ಲ.

ಇದಕ್ಕಿಂತ ಭಯಂಕರವಾದ ಸಂಗತಿ ಇನ್ನೊಂದು. ರಬ್ಬರು ಹೆಪ್ಪುಗಟ್ಟಿಸಲು ಕೆಲವರು ಅಗ್ಗವೆಂದು ಗಂಧಕಾಮ್ಲವನ್ನೂ ಬಳಸುತ್ತಾರೆ. ಎರಡೂ ನೋಡಲು ನೀರಿನಂಥವು, ಎರಡನ್ನೂ 'ಆಸಿಡ್' ಎಂದೇ ಕರೆಯುವುದು. ಸೀಸೆಯ ತಳದಲ್ಲಿ ಉಳಿದ ಒಂದನ್ನು ಇನ್ನೊಂದಕ್ಕೆ ಸುರಿದು ಜಾಗ ಉಳಿಸುವ ಮಿತವ್ಯಯಿಗಳು ನಮ್ಮಲ್ಲಿ ಕಡಮೆಯಿಲ್ಲ. ಪ್ರಬಲ ಗಂಧಕಾಮ್ಲ ಫಾರ್ಮಿಕ್ ಆಮ್ಲದಿಂದ ನೀರಿನಂಶವನ್ನು ಎಳೆದುಕೊಂಡಾಗ ಉಳಿಯುವುದು ಅದೇ ಕಾರ್ಬನ್ ಮಾನಾಕ್ಸೈಡ್. ಪ್ರಯೋಗಶಾಲೆಗಳಲ್ಲಿ ಆ ಅನಿಲವನ್ನು ತಯಾರಿಸುವ ಕ್ರಮವೇ ಇದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ತುಂಬಿದ್ದು ಉಸಿರಾಡುವವನಿಗೆ ತಿಳಿಯುವುದೇ ಇಲ್ಲ.

ಅಡಕೆಯ ಮನೆಗಳಲ್ಲಿ ಇನ್ನೂ ಕೆಲವು ನೆರೆಹೊರೆಗಳನ್ನು ಗಮನಿಸಬೇಕು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ಮೈಲುತುತ್ತ, ಸುಣ್ಣ ಇರುತ್ತವೆ. ಬಾವಿಗೆ ಹಾಕಲು ಬ್ಲೀಚಿಂಗ್ ಪೌಡರ್ ಇರುತ್ತದೆ. ಆಮ್ಲ ಚೆಲ್ಲಿ ಬ್ಲೀಚಿಂಗ್ ಪೌಡರಿಗೆ ಸೇರಿದರೆ ಕ್ಲೋರೀನ್ ಅನಿಲ ಏಳುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದನ್ನೇ. ಸುಟ್ಟ ಸುಣ್ಣಕ್ಕೆ ಸೇರಿದರೆ ಕುದಿದು ಸಿಡಿಯುತ್ತದೆ. ಬಿಳಿಯ ಪುಡಿಗಳೆಲ್ಲ ಒಂದು ಕಪಾಟು, ದ್ರವಗಳೆಲ್ಲ ಒಂದು ಕಪಾಟು ಎಂಬ ನಮ್ಮ ಸಾಮಾನ್ಯ ವಿಂಗಡಣೆ ಇಲ್ಲಿ ನಡೆಯದು. ಯಾವುದು ಯಾವುದರ ಪಕ್ಕದಲ್ಲಿ ಸುಮ್ಮನಿರುತ್ತದೆ ಎಂಬುದನ್ನು ನೋಡಿ ಇಡಬೇಕು.

ಇನ್ನು ಶರಬತ್ತಿನ ಪಾತ್ರೆಯವರೆಗೆ ಬಂದಿದ್ದ ಆಕ್ಸಾಲಿಕ್ ಆಮ್ಲ. ಸುವರ್ಣಗಡ್ಡೆ, ಕೆಸುವಿನ ಎಲೆಗಳು ಬಾಯಿ ತುರಿಸುವುದು ಇದೇ ಆಮ್ಲದ ಸುಣ್ಣದ ಲವಣದ ಸೂಜಿಗಳಿಂದ. ತುಕ್ಕಿನ ಕಲೆ ತೆಗೆಯಲು, ಮರವನ್ನು ಬೆಳ್ಳಗಾಗಿಸಲು ಇದನ್ನು ಮಾರುತ್ತಾರೆ. ಬಣ್ಣದ ಅಂಗಡಿಯಲ್ಲಿ ಸಿಗುವುದು ಆ ಕಾರಣಕ್ಕೆ. ದೇಹದೊಳಗೆ ಹೋದರೆ ಇದು ರಕ್ತದ ಕ್ಯಾಲ್ಸಿಯಮ್ಮನ್ನು ಹಿಡಿದುಕೊಳ್ಳುತ್ತದೆ. ಹೃದಯದ ಬಡಿತ ಏರುಪೇರಾಗುತ್ತದೆ. ಕರಗದ ಹರಳುಗಳು ಮೂತ್ರಪಿಂಡದಲ್ಲಿ ಕೂಡುತ್ತವೆ. ಇದರ ದುಷ್ಟತನದ ಮುಖ್ಯ ಭಾಗ ಇದರ ರೂಪದಲ್ಲಿದೆ. ನೋಡಲು ಸಕ್ಕರೆ, ಉಪ್ಪು. ಇಷ್ಟು ಸಾಲದೆಂಬಂತೆ, ಜೇನುಪೆಟ್ಟಿಗೆಗೆ ಹನಿಸುವಾಗ ಇದನ್ನು ಸಕ್ಕರೆಯ ಪಾಕದಲ್ಲಿಯೇ ಕರಗಿಸುತ್ತಾರೆ. ಉಳಿದ ಪಾಕ ಸೀಸೆಯಲ್ಲಿ ಸಿಹಿಯಾಗಿ, ತಿಳಿಯಾಗಿ, ಜೇನಿನ ತಮ್ಮನಂತೆ ಕುಳಿತಿರುತ್ತದೆ. ಹಾಗೆ ಉಳಿಸುವುದರಲ್ಲಿ ಲಾಭವೂ ಇಲ್ಲ: ಆಮ್ಲ ಬೆರೆತ ಪಾಕದಲ್ಲಿ ದಿನಗಳೆದಂತೆ ಸಕ್ಕರೆ ಒಡೆದು ನೊಣಗಳಿಗೇ ವಿಷವಾಗುವ ಎಚ್.ಎಂ.ಎಫ್. ಎಂಬ ಪದಾರ್ಥ ಹುಟ್ಟುತ್ತದೆ. ಪಾಕವನ್ನು ಆ ದಿನಕ್ಕೆ ಬೇಕಾದಷ್ಟೇ ಮಾಡಬೇಕು. ಹರಳನ್ನು ಅದು ಬಂದ ಡಬ್ಬಿಯಲ್ಲಿಯೇ, ತೇವ ತಾಗದಂತೆ ಇಡಬೇಕು. ಅಡಿಗೆಮನೆಯ ಚಮಚ, ತಕ್ಕಡಿ, ಲೋಟ ಯಾವುದೂ ಅದರ ಹತ್ತಿರ ಸುಳಿಯಬಾರದು.

ನುಸಿಗುಳಿಗೆಯ ವಿಷಯದಲ್ಲಿ ನಮಗಿರುವ ಸಲಿಗೆ ಅತಿಯಾದದ್ದು. ತೆಗೆದಿಟ್ಟ ಎರಿಗಳಿಗೆ ಮೇಣದ ಹುಳು ಬೀಳದಂತೆ ಪೆಟ್ಟಿಗೆಯಲ್ಲಿ ನಾಲ್ಕು ನುಸಿಗುಳಿಗೆ ಹಾಕಿಡುವ ರೂಢಿ ಉಂಟು. ಅದರ ನ್ಯಾಫ್ತಲೀನನ್ನು ಮೇಣ ಬೇಗನೆ ಹೀರಿಕೊಳ್ಳುತ್ತದೆ. ಮೇಣದಿಂದ ಅದು ಮುಂದಿನ ವರ್ಷದ ಜೇನಿಗೆ ಇಳಿಯುತ್ತದೆ. ಗ್ರೀಸ್ ದೇಶದ ಜೇನಿನಲ್ಲಿ ನ್ಯಾಫ್ತಲೀನು, ಸ್ವಿಟ್ಜರ್ಲೆಂಡಿನ ಜೇನಿನಲ್ಲಿ ಅದರ ಜ್ಞಾತಿಯಾದ ಪ್ಯಾರಾಡೈಕ್ಲೋರೋಬೆಂಜೀನು ಸಿಕ್ಕಿದ ಮೇಲೆ ಅಲ್ಲಿಯ ಜೇನುಗಾರರಿಗೆ ಈ ರೂಢಿಯನ್ನು ಬಿಡಬೇಕಾಯಿತು. ಮನೆಯಲ್ಲಿರುವ ಅಪಾಯ ಇನ್ನೂ ನೇರವಾದದ್ದು. ಮಗುವಿನ ಕಣ್ಣಿಗೆ ಅದು ಪೆಪ್ಪರಮೆಂಟು. ಹುಟ್ಟಿನಿಂದಲೇ ರಕ್ತದಲ್ಲಿ ಒಂದು ಕಿಣ್ವದ ಕೊರತೆಯುಳ್ಳ ಮಕ್ಕಳು ನಮ್ಮ ದೇಶದಲ್ಲಿ ವಿರಳವಲ್ಲ. ಅಂಥವರಲ್ಲಿ ಒಂದೇ ಗುಳಿಗೆ ಕೆಂಪು ರಕ್ತಕಣಗಳನ್ನು ಒಡೆಯಿಸಬಲ್ಲದು. ಎರಿಗಳನ್ನು ಗಾಳಿ ಬೆಳಕು ಬೀಳುವಂತೆ ತೂಗಿಟ್ಟರೆ, ಅಥವಾ ಶೀತಲಪೆಟ್ಟಿಗೆಯಲ್ಲಿ ಒಂದೆರಡು ದಿನ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ತೆಗೆದು ಚೀಲದಲ್ಲಿ ಕಟ್ಟಿಟ್ಟರೆ, ನುಸಿಗುಳಿಗೆಯ ಅಗತ್ಯವೇ ಬೀಳದು.

ಗಂಧಕ ಹಳೆಯ ಮಿತ್ರ. ಖಾಲಿ ಎರಿಗಳಿಗೆ ಅದರ ಹೊಗೆ ಕೊಡುತ್ತಾರೆ. ನುಸಿಗೆ ಅದರ ಪುಡಿಯನ್ನು ಉದುರಿಸುತ್ತಾರೆ. ಒಣಗಿದ ಜಾಗದಲ್ಲಿ, ಬೆಂಕಿಯಿಂದಲೂ ರಸಗೊಬ್ಬರದಿಂದಲೂ ದೂರವಿಟ್ಟರೆ ಅದು ತೊಂದರೆ ಕೊಡುವುದಿಲ್ಲ. ಹೊಗೆತಿದಿಯನ್ನು ಆರಿಸದೆ ತಂದು ಗಂಧಕದ ಚೀಲದ ಮೇಲಿಡುವವನಿಗೆ ಮಾತ್ರ ಯಾರೂ ಬುದ್ಧಿ ಹೇಳಲಾರರು. ಓಮದ ಕಾಳಿನಿಂದ ತೆಗೆಯುತ್ತಿದ್ದ ಥೈಮಾಲಿನ ಹರಳಿಗೆ ನಮ್ಮ ಅಜ್ಜಿಯ ಓಮದ ನೀರಿನ ವಾಸನೆಯೇ ಇದೆ. ಆ ವಾಸನೆ ಜೇನಿಗೆ ಬಲು ಬೇಗ ಅಂಟುತ್ತದೆಂಬುದರಿಂದ ಅದನ್ನೂ ದೂರವಿಡಬೇಕು. ಕಾಳುಕಡ್ಡಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡಿನ ಮಾತ್ರೆಗಳನ್ನು ಎರಿಗಳಿಗೂ ಹಾಕುವವರುಂಟೆಂದು ಕೇಳಿದೆ. ಗಾಳಿಯ ತೇವ ಸಾಕು, ಅದರಿಂದ ಫಾಸ್ಫೀನ್ ಅನಿಲ ಏಳಲು, ಅದಕ್ಕೆ ಪ್ರತಿವಿಷವಿಲ್ಲ. ಜನಸಾಮಾನ್ಯರಿಗೆ ಅದನ್ನು ಮಾರುವುದಕ್ಕೆ ನಿರ್ಬಂಧವಿರುವುದು ಸುಮ್ಮನೆ ಅಲ್ಲ. ವಾಸದ ಮನೆಯಲ್ಲಿ ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ಎಲ್ಲಿಯೂ ಇಡಬಾರದೆಂಬುದೇ ಉತ್ತರ.

ಮೂರನೆಯ ದಿನ ಮಾವನೂ ನಾನೂ ಸೇರಿ ಒಂದು ಕಪಾಟು ಮಾಡಿದೆವು. ಬಚ್ಚಲಿನ ಆಚೆ, ಮನೆಯ ಉತ್ತರದ ಗೋಡೆಗೆ, ಬಿಸಿಲು ತಾಗದ ಕಡೆಯಲ್ಲಿ. ಹಳೆಯ ಜೇನುಪೆಟ್ಟಿಗೆಯ ಹಲಗೆಗಳೇ ಸಾಕಾದವು. ಮೇಲೆ ಕೆಳಗೆ ಗಾಳಿಗೆ ತೂತುಗಳು. ಆಮ್ಲದ ಕ್ಯಾನು ಎಲ್ಲಕ್ಕಿಂತ ಕೆಳಗೆ. ತಲೆಗಿಂತ ಮೇಲೆ ಇಟ್ಟರೆ ತೆಗೆಯುವಾಗ ಜಾರುವುದು ಮುಖದ ಮೇಲೆಯೇ. ಅದು ಸೋರಿದರೂ ಹೊರಗೆ ಹರಿಯದಂತೆ, ಪೂರ್ತಿ ಕ್ಯಾನಿನ ದ್ರವವನ್ನು ಹಿಡಿಯುವಷ್ಟು ದೊಡ್ಡ ಪ್ಲಾಸ್ಟಿಕ್ ಬೋಗುಣಿಯೊಳಗೆ ಅದನ್ನು ನಿಲ್ಲಿಸಿದೆವು. ಹರಳು, ಪುಡಿಗಳು ಮೇಲಿನ ಹಂತದಲ್ಲಿ. ಪಕ್ಕದಲ್ಲಿ ರಬ್ಬರಿನ ಉದ್ದ ಕೈಚೀಲ, ಕಣ್ಣಿಗೆ ಕನ್ನಡಕ, ಒಂದು ಡಬ್ಬಿ ಅಡಿಗೆ ಸೋಡ. ಮುಖಕ್ಕೆ ಬೈರಾಸು ಕಟ್ಟಿಕೊಂಡರೆ ಆವಿ ನಿಲ್ಲುತ್ತದೆಂದು ಮಾವನ ನಂಬಿಕೆಯಾಗಿತ್ತು. ಬಟ್ಟೆ ಧೂಳನ್ನು ತಡೆದೀತು, ಆವಿಯನ್ನಲ್ಲ. ಗಾಳಿಗೆ ಬೆನ್ನು ಮಾಡಿ ಬಯಲಿನಲ್ಲಿ ಸುರಿಯುವುದೇ ಮೇಲು. ತೆಳುಮಾಡುವಾಗ ನೀರಿಗೆ ಆಮ್ಲವನ್ನು ಹಾಕಬೇಕಲ್ಲದೆ ಆಮ್ಲಕ್ಕೆ ನೀರನ್ನಲ್ಲ. ಕಪಾಟಿನಿಂದ ಬಚ್ಚಲಿನ ಹಂಡೆಗೆ ಹತ್ತು ಹೆಜ್ಜೆ. ಆ ಜಾಗವನ್ನು ಆರಿಸಿದ್ದಕ್ಕೆ ಅದೂ ಒಂದು ಕಾರಣ: ಕಣ್ಣಿಗೋ ಮೈಗೋ ಸಿಡಿದಾಗ ಮಾಡಬೇಕಾದ ಮೊದಲ ಚಿಕಿತ್ಸೆ ಕಾಲು ಗಂಟೆಗೆ ಕಡಮೆಯಿಲ್ಲದೆ ನೀರು ಹೊಯ್ಯುತ್ತಿರುವುದು. ಹೊಟ್ಟೆಗೆ ಹೋಗಿದ್ದರೆ ವಾಂತಿ ಮಾಡಿಸಬಾರದು. ಒಳಗೆ ಹೋಗುವಾಗ ಸುಟ್ಟದ್ದು ಹೊರಗೆ ಬರುವಾಗಲೂ ಸುಡುತ್ತದೆ. ಸೀಸೆಯನ್ನೋ ಅದರ ಚೀಟಿಯನ್ನೋ ಜೊತೆಯಲ್ಲಿ ಹಿಡಿದು ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು.

ಬೀಗ ಬೇಕೇ ಎಂದರು ಮಾವ. ಮನೆಯಲ್ಲಿ ಸಣ್ಣ ಮಕ್ಕಳಿಲ್ಲವಲ್ಲ. ಬೀಗ ಮಕ್ಕಳಿಗಾಗಿ ಮಾತ್ರವಲ್ಲ. ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಎರಡು ವರ್ಷಗಳ ಅವಧಿಯಲ್ಲಿ ಫಾರ್ಮಿಕ್ ಆಮ್ಲ ಹೊಟ್ಟೆಗೆ ಹೋಗಿ ತಮ್ಮಲ್ಲಿಗೆ ಬಂದ 300ಕ್ಕೂ ಹೆಚ್ಚು ಮಂದಿಯ ಲೆಕ್ಕವಿದೆ. ಅವರಲ್ಲಿ ಮೂರರಲ್ಲೊಂದು ಪಾಲು ಜನ ಬದುಕಲಿಲ್ಲ. ರಬ್ಬರಿನ ಸೀಮೆಯಲ್ಲಿ ಆ ಸೀಸೆ ಪ್ರತಿಮನೆಯ ಮೂಲೆಯಲ್ಲಿಯೂ ಕೈಗೆಟುಕುವಂತೆ ಇರುವುದೇ ಇದಕ್ಕೆ ಹಿನ್ನೆಲೆ. ಬೇಸರದ ಒಂದು ಘಳಿಗೆಯಲ್ಲಿ ಮನುಷ್ಯನ ಕೈ ಹತ್ತಿರವಿದ್ದುದನ್ನು ಹುಡುಕುತ್ತದೆ. ಬೀಗದ ಕೈ ಬೇರೊಬ್ಬರಲ್ಲಿದ್ದರೆ ಆ ಘಳಿಗೆ ಕಳೆದುಹೋಗಲು ಸಮಯ ಸಿಗುತ್ತದೆ. ಮಾವ ಮಾತಾಡದೆ ಪೇಟೆಗೆ ಹೋಗಿ ಬೀಗ ತಂದರು. ಕಬ್ಬಿಣದ ಬೀಗ. ತಿಂಗಳೊಪ್ಪತ್ತಿನಲ್ಲಿ ಅದು ತುಕ್ಕು ಹಿಡಿದು ಕೂತಿತೆಂದು ಆಮೇಲೆ ಫೋನು ಮಾಡಿದರು. ಆಮ್ಲದ ಆವಿ ಎಲ್ಲೋ ಸೋರುತ್ತಿದೆಯೆಂದು ಅದರಿಂದಲೇ ತಿಳಿಯಿತು. ಕ್ಯಾನಿನ ಮುಚ್ಚಳದ ಒಳಬಿಲ್ಲೆ ಸೀಳಿತ್ತಂತೆ. ಈಗ ಹೊಸ ಮುಚ್ಚಳವೂ ಹಿತ್ತಾಳೆಯ ಬೀಗವೂ ಬಂದಿವೆ. ತುಕ್ಕು ಕಾಣಲೆಂದೇ ಒಂದು ಕಬ್ಬಿಣದ ಮೊಳೆಯನ್ನು ಒಳಗೆ ತೂಗುಹಾಕಿದ್ದಾರೆ.

ಚೀಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಜೀವಮಾನದಲ್ಲಿ ಇಷ್ಟು ಕಷ್ಟಪಟ್ಟು ನಾನು ಯಾವ ವಾಕ್ಯವನ್ನೂ ಬರೆದಿಲ್ಲ. 'ಆಕ್ಸಾಲಿಕ್ ಆಮ್ಲ' ಎಂದು ಮೊದಲು ಬರೆದೆ. ಅತ್ತೆ ಓದಿ, "ಆಮ್ಲ ಎಂದರೆ ಹುಳಿ ಅಲ್ಲವೋ? ನೆಲ್ಲಿಕಾಯಿಯಲ್ಲಿಯೂ ಇದೆ, ಮಜ್ಜಿಗೆಯಲ್ಲಿಯೂ ಇದೆ" ಎಂದರು. ಮಾತು ನಿಜ. ಅಪಾಯವನ್ನು ಹೇಳದ ಪದ ಎಷ್ಟು ಶುದ್ಧವಾಗಿದ್ದರೇನು? 'ಅಪಾಯಕಾರಿ ರಾಸಾಯನಿಕ' ಎಂದು ತಿದ್ದಿದೆ. ಅದು ಸರಕಾರಿ ಕಾಗದದಂತಾಯಿತು. ಕೊನೆಗೆ 'ವಿಷ' ಎಂಬ ಎರಡಕ್ಷರವನ್ನು ಕೆಂಪಿನಲ್ಲಿ ದೊಡ್ಡದಾಗಿ ಬರೆದು, ಅದರ ಕೆಳಗೆ ಪದಾರ್ಥದ ಹೆಸರು, ತಂದ ತಾರೀಕು, 'ಸಕ್ಕರೆ ಅಲ್ಲ' ಎಂದು ಕಪ್ಪಿನಲ್ಲಿ ಬರೆದೆ. ಆಗ ತೋಟದ ಕೆಲಸದ ಹುಡುಗ ಬಂದು ಚೀಟಿಯನ್ನು ತಲೆಕೆಳಗಾಗಿ ಹಿಡಿದು ನೋಡಿದ. ಅವನು ಒಡಿಶಾದವನು, ಕನ್ನಡದ ಅಕ್ಷರ ಅವನಿಗೆ ಬಾರದು. ರಬ್ಬರು ಹಾಲಿಗೆ ಆಸಿಡ್ ಬೆರೆಸುವವನು ಅವನೇ! ತಲೆಬುರುಡೆ, ಎರಡು ಮೂಳೆಗಳನ್ನು ಚೀಟಿಯ ಮೇಲೆ ಅವನಿಂದಲೇ ಬರೆಯಿಸಿದೆವು. ನನಗಿಂತ ಚೆನ್ನಾಗಿ ಬರೆದ.

ಕರೆಂಟು ಹೋದ ರಾತ್ರಿಯಲ್ಲಿ ಚಿತ್ರವೂ ಕಾಣದಲ್ಲ ಎಂಬುದು ಅತ್ತೆಯ ಕೊನೆಯ ಆಕ್ಷೇಪ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ಔಷಧ ವ್ಯಾಪಾರಿಗಳು ವಿಷದ ಸೀಸೆಗಳನ್ನು ಆರು ಮೂಲೆಯಾಗಿ, ಮೈಮೇಲೆ ಏಣುಗಳಿರುವಂತೆ ಮಾಡಿಸುತ್ತಿದ್ದರು. ಕತ್ತಲೆಯಲ್ಲಿ ಕೈಗೇ ತಿಳಿಯಲೆಂದು. ಇದನ್ನು ನಾನು ಹೇಳುತ್ತಿದ್ದಂತೆಯೇ ಅತ್ತೆ ಎದ್ದುಹೋಗಿ ತೆಂಗಿನ ನಾರಿನ ಹಗ್ಗ ತಂದರು. ಕಪಾಟಿನ ಪ್ರತಿಯೊಂದು ಸೀಸೆ ಡಬ್ಬಿಗಳಿಗೂ ಮೂರು ಸುತ್ತು ಹಗ್ಗ ಬಿಗಿದು ಗಂಟು ಹಾಕಿದರು. ನಾರಿನ ಹಗ್ಗ ಕೈಗೆ ತಾಗಿದರೆ ಬಿಟ್ಟುಬಿಡಬೇಕೆಂದು ಮನೆಯವರಿಗೆಲ್ಲ ಅಂದಿನಿಂದ ಕಟ್ಟಪ್ಪಣೆಯಾಗಿದೆ.

ಜೇನಿನ ಸೀಸೆಯಲ್ಲಿದ್ದ ಫಾರ್ಮಿಕ್ ಆಮ್ಲವನ್ನು ಕ್ಯಾನಿಗೆ ವರ್ಗಾಯಿಸಿ, ಆ ಸೀಸೆಯನ್ನು ತೊಳೆದು ಒಡೆದು ಹೂಳಿದೆವು. ತೊಳೆದ ಮೇಲೆ ಜೇನಿಗೆ ಬಳಸಬಹುದಿತ್ತಲ್ಲ ಎಂದು ಮಾವನಿಗೆ ಸ್ವಲ್ಪ ವ್ಯಸನವಾಯಿತು, ಒಳ್ಳೆಯ ಗಾಜು. ಆಕ್ಸಾಲಿಕ್ ಆಮ್ಲವನ್ನು ಇಟ್ಟುಕೊಳ್ಳುವುದೇ ಬೇಡವೆಂದು ಅತ್ತೆ ಹಟ ಹಿಡಿದರು. ಬಾವಿಯಿಂದಲೂ ತೋಡಿನಿಂದಲೂ ದೂರದಲ್ಲಿ, ಹಳೆಯ ಪ್ಲಾಸ್ಟಿಕ್ ಬಕೆಟಿನ ತುಂಬು ನೀರಿನಲ್ಲಿ ಅದನ್ನು ಕರಗಿಸಿ, ಅರಳಿದ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿದೆವು. ನೀರು ಹಾಲಿನಂತಾಗಿ, ಕರಗದ ಬಿಳಿಯ ಗಸಿ ತಳಕ್ಕೆ ಇಳಿಯಿತು. ಕೆಸುವಿನ ಎಲೆಯಲ್ಲಿರುವ ಲವಣವೇ ಅದು. ಗುಡ್ಡದ ಮೇಲೆ ಗುಂಡಿ ತೋಡಿ ಹೂಳಿದ್ದಾಯಿತು. ಆ ಭರಣಿ ಈಗ ಕಪಾಟಿನ ಮೇಲಿನ ಹಂತದಲ್ಲಿದೆ. ಅದರ ತುಂಬ ಅಡಿಗೆ ಸೋಡ, ಮೇಲೆ ನನ್ನ ಕೈಬರಹದ ಚೀಟಿ. ಸಕ್ಕರೆಯ ಡಬ್ಬಿಯನ್ನು ಅತ್ತೆ ಇನ್ನೂ ತಟ್ಟೆಯ ನೀರಿನಲ್ಲಿಯೇ ಇಡುತ್ತಾರೆ.